ತಲೆಗೆ ಪೆಟ್ಟಾದ ತಮ್ಮನಿಗೂ, ಓದಲು ಕಷ್ಟಪಡುವ ಅಕ್ಕನ ಮಗಳಿಗೂ ಒಂದೇ ಥೆರಪಿ ಅಂತಾರೆ. ನಂಬಬಹುದಾ?

ಹೇಮಾವತಿ_ದಡ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಓದಿ ಹೇಳಿ.

ನನ್ನ ತಮ್ಮನಿಗೆ 27. ಟ್ರ್ಯಾಕ್ಟರ್ ಮೆಕ್ಯಾನಿಕ್. ಹೋದ ಮಳೆಗಾಲದಲ್ಲಿ ಚನ್ನರಾಯಪಟ್ಟಣದ ಹತ್ತಿರ ಬೈಕಿಂದ ಬಿದ್ದು ತಲೆಗೆ ಪೆಟ್ಟಾಯಿತು. ಹೆಲ್ಮೆಟ್ ಇತ್ತು, ಪೆಟ್ರೋಲ್ ಟ್ಯಾಂಕ್ ಮೇಲೆ. ತಲೆಯ ಎಡಭಾಗದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಆಪರೇಷನ್ ಮಾಡಿದರು, ಜೀವ ಉಳಿಯಿತು. ಈಗ ಓಡಾಡುತ್ತಾನೆ, ತಾನೇ ಊಟ ಮಾಡುತ್ತಾನೆ. ನೋಡೋಕೆ ಬಂದ ನೆಂಟರು "ಅಯ್ಯೋ, ಚೆನ್ನಾಗೇ ಇದಾನಲ್ಲ" ಅಂದು ಕಾಫಿ ಕುಡಿದು ಹೋಗುತ್ತಾರೆ. ಒಳಗಿನ ಕಥೆ ಮನೆಯವರಿಗೆ ಗೊತ್ತು. ಬೆಳಿಗ್ಗೆ ಹೇಳಿದ್ದು ಮಧ್ಯಾಹ್ನಕ್ಕೆ ನೆನಪಿರಲ್ಲ. ಬಲಗೈಯಲ್ಲಿ ಅಷ್ಟಿಷ್ಟು ಶಕ್ತಿ ಇದ್ದರೂ ಎಲ್ಲಕ್ಕೂ ಎಡಗೈ. ಮಾತಾಡುವಾಗ ಪದ ಸಿಗದೆ "ಅದು... ಅದು..." ಅಂತ ನಿಂತುಬಿಡುತ್ತಾನೆ. ಸಿಟ್ಟಂತೂ ವಿಪರೀತ.

ಇನ್ನೊಂದು ಕಡೆ ಅಕ್ಕನ ಮಗಳು. 4ನೇ ಕ್ಲಾಸು. ಬಾಯಿಲೆಕ್ಕದಲ್ಲಿ ಚುರುಕು, ಕೇಳಿದ ಕಥೆಯನ್ನು ಹಾಗೇ ಒಪ್ಪಿಸುತ್ತಾಳೆ. ಪುಸ್ತಕ ಕೊಟ್ಟರೆ ಮಾತ್ರ ಒಂದು ಸಾಲು ಓದುವಷ್ಟರಲ್ಲಿ ಬೆವರುತ್ತಾಳೆ. ಸ್ಕೂಲಲ್ಲಿ "ಗಮನ ಇಲ್ಲ" ಅಂತ ಡೈರಿಯಲ್ಲಿ ಬರೆದು ಕಳಿಸುತ್ತಾರೆ.

ಬೆಂಗಳೂರಿನ ಒಂದು ಸೆಂಟರ್‌ಗೆ ಇಬ್ಬರನ್ನೂ ಕರೆದುಕೊಂಡು ಹೋಗಿದ್ದೆವು. ಹೆಸರು ಬೇಡ. ತಲೆಗೆ ವೈರ್ ಇರುವ ಟೋಪಿ ಹಾಕಿ ಕಂಪ್ಯೂಟರ್ ಗೇಮ್ ಆಡಿಸುತ್ತಾರೆ, ಜೊತೆಗೆ ಒತ್ತಡದಲ್ಲಿ ಆಕ್ಸಿಜನ್ ಕೊಡುವ ಚೇಂಬರ್. "ಮೆದುಳನ್ನೇ ರೀಸೆಟ್ ಮಾಡ್ತೀವಿ, ಇಬ್ಬರಿಗೂ ಇದೇ ಕೋರ್ಸ್" ಅಂದರು. ಇಬ್ಬರಿಗೂ ಸೇರಿ ಒಂದೂವರೆ ಲಕ್ಷ. ಅಕ್ಕ ಒಡವೆ ಅಡ ಇಡೋಕೆ ರೆಡಿ ಇದ್ದಾಳೆ. ಏನು ಮಾಡಲಿ?

ಬೆಣ್ಣೆದೋಸೆ_ದಾವಣಗೆರೆ

ಒಡವೆ ಬೀರುವಿನಲ್ಲೇ ಇರಲಿ ಅಣ್ಣ. ಗೊತ್ತಿರುವವರು ಬರುತ್ತಾರೆ, ಕಾಯಿರಿ.

ಮಾತಿನ_ಮನೆ

ನಾನು ಸ್ಪೀಚ್ ಥೆರಪಿಸ್ಟ್. ಮೈಸೂರು ಮಾನಸಗಂಗೋತ್ರಿಯ ಆಯಿಷ್‌ನಲ್ಲಿ (ವಾಕ್ ಶ್ರವಣ ಸಂಸ್ಥೆ) ಓದಿದವಳು, ಈಗ ಶಿವಮೊಗ್ಗದಲ್ಲಿದ್ದೇನೆ.

ನಿಮ್ಮ ತಮ್ಮನಿಗೆ ಬರುತ್ತಿದ್ದದ್ದು ಹೋಗಿದೆ. ಅಕ್ಕನ ಮಗಳಿಗೆ ಇನ್ನೂ ಬಂದೇ ಇಲ್ಲ. ಬಿದ್ದ ಗೋಡೆ ಎತ್ತೋದು ಒಂದು ಕೆಲಸ, ಪಾಯ ಹಾಕೋದು ಇನ್ನೊಂದು ಕೆಲಸ. ಇಬ್ಬರಿಗೂ ಒಂದೇ ಟೋಪಿ ಹಾಕ್ತೀವಿ ಅನ್ನೋರು ನಿಜಕ್ಕೂ ಯಾರಿಗೆ ಟೋಪಿ ಹಾಕ್ತಿದ್ದಾರೆ ಅಂತ ನೀವೇ ನೋಡಿ. ಒಂದು ಪರೀಕ್ಷೆಯನ್ನೂ ಮಾಡದೆ ಕೋರ್ಸ್ ಹೇಳಿದರಲ್ಲ, ಅಲ್ಲೇ ಗೊತ್ತಾಗುತ್ತದೆ.

ಇಬ್ಬರಿಗೂ ಸಮ ಅನ್ನಬಹುದಾದ ಸಂಗತಿ ಒಂದೇ. ಯಾವುದನ್ನು ಅಭ್ಯಾಸ ಮಾಡಿಸುತ್ತೀರೋ ಅದು ಸುಧಾರಿಸುತ್ತದೆ. ಗೇಮ್ ಆಡಿಸಿದರೆ ಗೇಮ್ ಚೆನ್ನಾಗಿ ಬರುತ್ತದೆ. ಪದ ಹುಡುಕಿಸಿದರೆ ಪದ ಬರುತ್ತದೆ. ಅಕ್ಷರ ಓದಿಸಿದರೆ ಓದು ಬರುತ್ತದೆ.

ತಮ್ಮನ ಮಾತಿನ ತೊಂದರೆಗೆ ಅಫೇಸಿಯಾ ಅನ್ನುತ್ತೇವೆ. ಯಾವ ಬಗೆ, ಎಷ್ಟು ಅಂತ ತಿಳಿಯೋಕೆ ಕನ್ನಡದಲ್ಲೇ ಪರೀಕ್ಷೆ ಇದೆ. ಅದನ್ನು ಮಾಡಿಸಿ. ಅಷ್ಟರಲ್ಲಿ ಮನೆಯಲ್ಲಿ ಹೀಗೆ ಮಾಡಿ. ಒಂದು ಲೋಟ ಮುಂದಿಡಿ. "ಇದೇನು?" ಅಂತ ಕೇಳಿ ಸುಮ್ಮನಾಗಿ. ನಿಜವಾಗಿ ಸುಮ್ಮನಾಗಿ, ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ಬರದಿದ್ದರೆ ಉಪಯೋಗ ಹೇಳಿ: "ಇದರಲ್ಲಿ ಕಾಫಿ ಕುಡೀತೀವಿ." ಆಗಲೂ ಬರದಿದ್ದರೆ ಅರ್ಧ ವಾಕ್ಯ ಕೊಡಿ: "ಅಮ್ಮ ಕಾಫಿ ಕೊಟ್ಟಳು, ಒಂದು..." ಆಮೇಲೆ ಮೊದಲ ಅಕ್ಷರ: "ಲೋ..." ಇಡೀ ಪದ ನಾವೇ ಹೇಳೋದು ಕಟ್ಟಕಡೆಗೆ. ಬಹಳ ಮನೆಗಳಲ್ಲಿ ನಡೆಯೋದು ಉಲ್ಟಾ. ಅವನು ಬಾಯಿ ತೆರೆಯುವಷ್ಟರಲ್ಲಿ ನಾಲ್ಕು ಜನ "ಲೋಟ, ಲೋಟ" ಅಂತ ಕೂಗುತ್ತಾರೆ. ಅವನಿಗೆ ಹುಡುಕುವ ಕೆಲಸವೇ ಇಲ್ಲದಂತಾಗುತ್ತದೆ.

ನೂರು ಪದ ಒಟ್ಟಿಗೆ ಬೇಡ. ಅವನಿಗೆ ದಿನಾ ಬೇಕಾದ ಪದಗಳಿಂದ ಶುರು ಮಾಡಿ. ಮೆಕ್ಯಾನಿಕ್ ಅಂದಿರಲ್ಲ, ಸ್ಪ್ಯಾನರ್, ನಟ್ಟು, ಡೀಸೆಲ್, ಮನೆಯವರ ಹೆಸರು.

ವೈಟ್‌ಫೀಲ್ಡ್_ವಾಸಿ

ಎಲ್ಲವನ್ನೂ ಮೋಸ ಅನ್ನಬೇಡಿ. ನಮ್ಮ ಮಾವನಿಗೆ ತಲೆಗೆ ಪೆಟ್ಟಾದ ಮೇಲೆ ಆಕ್ಸಿಜನ್ ಚೇಂಬರ್ ಕೊಡಿಸಿದೆವು. ತಲೆನೋವು ಕಡಿಮೆ ಆಯಿತು, ನಿದ್ದೆ ಬಂತು. ಕಣ್ಣಾರೆ ನೋಡಿದ್ದೇನೆ.

ಪ್ರಶ್ನೆಗಾರ

ಮಾವ ಸುಧಾರಿಸಿದ್ದು ಖುಷಿ ಸರ್. ಸುಧಾರಿಸಿದ್ದು ಚೇಂಬರಿಂದಲೇನಾ ಅನ್ನೋದು ಪ್ರಶ್ನೆ.

ಅಮೆರಿಕದ ಸೇನೆ ಇದನ್ನೇ ಪರೀಕ್ಷೆ ಮಾಡಿತು. ತಲೆಗೆ ಸಣ್ಣ ಪೆಟ್ಟಾಗಿ ತಲೆನೋವು, ಮರೆವು ಉಳಿದಿದ್ದ ಸೈನಿಕರು. ಅರ್ಧ ಜನಕ್ಕೆ ನಿಜವಾದ ಒತ್ತಡದ ಆಕ್ಸಿಜನ್. ಇನ್ನರ್ಧ ಜನವನ್ನೂ ಅದೇ ಚೇಂಬರ್‌ನಲ್ಲಿ ಕೂರಿಸಿ, ಸ್ವಲ್ಪ ಒತ್ತಡದಲ್ಲಿ ಮಾಮೂಲಿ ಗಾಳಿ ಕೊಟ್ಟರು. ಯಾರಿಗೆ ಯಾವುದು ಅಂತ ಹೇಳಲಿಲ್ಲ. ಎರಡೂ ಗುಂಪಿನವರು ಸುಧಾರಿಸಿದರು, ಹೆಚ್ಚುಕಮ್ಮಿ ಒಂದೇ ಥರ. ಅಂದರೆ ಕೆಲಸ ಮಾಡಿದ್ದು ಆಕ್ಸಿಜನ್ ಅಲ್ಲ. ವಿಶ್ರಾಂತಿ, ಆರೈಕೆ, ನಂಬಿಕೆ, ಕಾಲ ಇವೆಲ್ಲ ಸೇರಿರಬಹುದು.

ಚೇಂಬರ್ ಅನ್ನೋದೇ ಸುಳ್ಳಲ್ಲ. ಸಮುದ್ರಕ್ಕೆ ಇಳಿದು ಬೇಗ ಮೇಲೆ ಬಂದ ಡೈವರ್‌ಗಳಿಗೆ, ಕಾರ್ಬನ್ ಮಾನಾಕ್ಸೈಡ್ ಹೊಗೆ ಕುಡಿದವರಿಗೆ ಅದು ಸರಿಯಾದ ಚಿಕಿತ್ಸೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಮೆದುಳಿನ ಪೆಟ್ಟು ವಾಸಿ ಮಾಡುತ್ತೇವೆ ಅನ್ನೋ ಜಾಹೀರಾತು ನಂಬಬೇಡಿ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2013ರಲ್ಲೇ ಜನಕ್ಕೆ ಎಚ್ಚರಿಕೆ ಕೊಟ್ಟಿತ್ತು.

ಬ್ರೈನ್ ಗೇಮ್ ಕಥೆಯೂ ಇಷ್ಟೇ. 2016ರಲ್ಲಿ ಲುಮಾಸಿಟಿ ಅನ್ನೋ ಕಂಪನಿ ಜಾಹೀರಾತಿನಲ್ಲಿ ಹೇಳಿದ್ದಕ್ಕೆ ಆಧಾರ ಇಲ್ಲ ಅನ್ನೋ ಆರೋಪಕ್ಕೆ ಗ್ರಾಹಕರಿಗೆ ಮೋಸ ಆಗದ ಹಾಗೆ ನೋಡಿಕೊಳ್ಳೋ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಟಿಸಿ ಜೊತೆ 20 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು.

ವೈಟ್‌ಫೀಲ್ಡ್_ವಾಸಿ

ಸರಿ, ಆ ಪರೀಕ್ಷೆ ಸಣ್ಣ ಪೆಟ್ಟಿನವರದ್ದು ಅಂತ ನೀವೇ ಹೇಳಿದಿರಿ. ದೊಡ್ಡ ಪೆಟ್ಟಿಗೆ?

ಪ್ರಶ್ನೆಗಾರ

ದೊಡ್ಡ ಪೆಟ್ಟಿಗೆ ಐಸಿಯು ಹಂತದಲ್ಲಿ ಕೊಟ್ಟರೆ ಹೇಗೆ ಅಂತ ಸಂಶೋಧನೆ ನಡೆದಿದೆ. ಅದು ಆಸ್ಪತ್ರೆಯೊಳಗಿನ ಮಾತು. ವರ್ಷ ಕಳೆದ ಮೇಲೆ ಅಂಗಡಿಯಲ್ಲಿ ಪ್ಯಾಕೇಜ್ ಮಾರೋದು ಬೇರೆ ಮಾತು. ಸ್ಟೆಮ್ ಸೆಲ್ ಅಂತ ಯಾರಾದರೂ ಬಂದರೂ ಹುಷಾರು. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿ ಪ್ರಕಾರ ಕೆಲವು ರಕ್ತದ ಕಾಯಿಲೆಗಳಂಥ ಒಪ್ಪಿಗೆ ಸಿಕ್ಕ ಬಳಕೆ ಬಿಟ್ಟು ಉಳಿದದ್ದೆಲ್ಲ ಬರೀ ಸಂಶೋಧನೆ. ಸಂಶೋಧನೆಗೆ ರೋಗಿಯ ಹತ್ತಿರ ದುಡ್ಡು ತಗೊಳ್ಳೋ ಹಾಗಿಲ್ಲ.

ಆದರೆ ಮಾತಿನ_ಮನೆ ಮೇಡಂಗೂ ಒಂದು ಪ್ರಶ್ನೆ. ನಿಮ್ಹಾನ್ಸ್‌ನಲ್ಲೇ ಗಮನ ಸುಧಾರಿಸೋಕೆ ಕಾಳು ಬೇರ್ಪಡಿಸುವ ಅಭ್ಯಾಸ ಕೊಡುತ್ತಾರಂತಲ್ಲ? ನಾಲ್ಕೈದು ಥರದ ಕಾಳು ಬೆರೆಸಿ ಒಂದೊಂದಾಗಿ ಆರಿಸೋದು. ಪೇಪರ್‌ನಲ್ಲಿ ಒಂದೇ ಅಕ್ಷರ ಹುಡುಕಿ ಹೊಡೆದುಹಾಕೋದು. ಅದಕ್ಕೂ ಗೇಮಿಗೂ ಏನು ವ್ಯತ್ಯಾಸ?

ಮಾತಿನ_ಮನೆ

ಒಳ್ಳೆ ಪ್ರಶ್ನೆ. ಕಾಗ್ನಿಟಿವ್ ರಿಟ್ರೈನಿಂಗ್ ಅನ್ನುತ್ತಾರೆ ಅದಕ್ಕೆ. ಮೊದಲು ನ್ಯೂರೋಸೈಕಾಲಜಿ ಪರೀಕ್ಷೆ. ನಿಮ್ಹಾನ್ಸ್‌ನವರೇ ನಮ್ಮ ಜನರ ಮೇಲೆ ಪ್ರಯೋಗ ಮಾಡಿ ಸಿದ್ಧಪಡಿಸಿದ ಪರೀಕ್ಷೆಗಳ ಕಟ್ಟು 2004ರಲ್ಲಿ ಬಂತು. ಗಮನ ಕೆಟ್ಟಿದೆಯಾ, ನೆನಪಾ, ಯೋಜನೆ ಮಾಡುವ ಶಕ್ತಿಯಾ ಅಂತ ನೋಡಿ, ಯಾವುದು ಕೆಟ್ಟಿದೆಯೋ ಅದಕ್ಕೆ ಅಭ್ಯಾಸ. ಕಷ್ಟ ನಿಧಾನವಾಗಿ ಏರಿಸುತ್ತಾರೆ. ಖರ್ಚು ಏನು? ಒಂದು ಹಿಡಿ ಕಾಳು.

ಆದರೂ ನಿಮ್ಮ ಅನುಮಾನ ಸರಿಯೇ. ಕಾಳು ಆರಿಸೋದರಲ್ಲಿ ಪಾಸಾದವನು ಗ್ಯಾಸ್ ಆಫ್ ಮಾಡೋದು ಮರೆಯಬಹುದು. ಅಭ್ಯಾಸ ಅಲ್ಲಿಗೇ ನಿಲ್ಲಬಾರದು, ಅವನ ದಿನದ ಕೆಲಸಕ್ಕೆ ದಾಟಬೇಕು. ದಾಟಿಸದೆ ಸ್ಕೋರ್ ತೋರಿಸಿ ಕಳಿಸೋ ಥೆರಪಿಸ್ಟ್‌ಗಳು ನಮ್ಮಲ್ಲೂ ಇದ್ದಾರೆ. ಸುಳ್ಳು ಯಾಕೆ ಹೇಳಲಿ.

ಕುಡ್ಲ_ಫಿಸಿಯೋ

ಕೈ ಬಗ್ಗೆ ಹೇಳುತ್ತೇನೆ. ಮಂಗಳೂರಲ್ಲಿ ನ್ಯೂರೋ ಫಿಸಿಯೋಥೆರಪಿಸ್ಟ್ ನಾನು.

"ಶಕ್ತಿ ಇದ್ದರೂ ಬಳಸಲ್ಲ" ಅಂದಿರಲ್ಲ, ಇದು ಬಹಳ ಮುಖ್ಯ. ಎಡ್ವರ್ಡ್ ಟಾಬ್ ಅನ್ನೋ ಅಮೆರಿಕದ ವಿಜ್ಞಾನಿ ಕೋತಿಗಳ ಒಂದು ಕೈಯಿಂದ ಬರುವ ಸ್ಪರ್ಶದ ನರ ಕತ್ತರಿಸಿ ನೋಡಿದರು. ಕೋತಿ ಆ ಕೈಯನ್ನು ಬಿಟ್ಟೇಬಿಟ್ಟಿತು. ಒಳ್ಳೆ ಕೈಯನ್ನು ಕಟ್ಟಿದಾಗ ಕೆಟ್ಟ ಕೈ ಕೆಲಸ ಶುರು ಮಾಡಿತು. ಅಂದರೆ ಕೈಗೆ ಆಗುತ್ತಿತ್ತು, ಬಿಟ್ಟು ಅಭ್ಯಾಸ ಆಗಿತ್ತು, ಅಷ್ಟೇ. ಇದರಿಂದ ಬಂದದ್ದು ಕನ್ಸ್‌ಟ್ರೈಂಟ್ ಥೆರಪಿ. ಒಳ್ಳೆ ಕೈಗೆ ದಪ್ಪ ಗವಸು ಹಾಕಿ, ಎಚ್ಚರ ಇರುವ ಹೊತ್ತೆಲ್ಲ ಪೆಟ್ಟಾದ ಕೈಯಿಂದಲೇ ಕೆಲಸ ಮಾಡಿಸೋದು, 2 ವಾರ. 2006ರಲ್ಲಿ ಬಂದ ಎಕ್ಸೈಟ್ ಅನ್ನೋ ಅಧ್ಯಯನದಲ್ಲಿ 222 ಜನ ಇದ್ದರು. ಗವಸು ಹಾಕಿದವರ ಕೈ ಚೆನ್ನಾಗಿ ಸುಧಾರಿಸಿತು, ವರ್ಷದ ನಂತರವೂ ಆ ಲಾಭ ಉಳಿದಿತ್ತು. ಅವರೆಲ್ಲ ಲಕ್ವ ಹೊಡೆದವರು. ಅಪಘಾತದವರಿಗೂ ನಾವು ಬಳಸುತ್ತೇವೆ.

ಷರತ್ತು ಇದೆ. ಮಣಿಕಟ್ಟು, ಬೆರಳು ಸ್ವಲ್ಪವಾದರೂ ಮೇಲಕ್ಕೆ ಎತ್ತೋಕೆ ಬರಬೇಕು. ಪೂರ್ತಿ ಸೋತ ಕೈಗೆ ಇದು ಆಗಲ್ಲ. ನಡೆಯುವಾಗ ತೂಗಾಡುವವರಿಗೆ ಗವಸು ಹಾಕಿದರೆ ಬಿದ್ದಾಗ ಹಿಡಿದುಕೊಳ್ಳೋಕೆ ಕೈ ಇರಲ್ಲ. ಹಾಗಾಗಿ ನೋಡಿಸಿಯೇ ಶುರು ಮಾಡಿ.

ಇನ್ನೊಂದು ಮಾತು, ಇದು ನಮ್ಮವರ ಮೇಲಿನ ದೂರು ಅಂತಲೇ ಇಟ್ಟುಕೊಳ್ಳಿ. ಫಿಸಿಯೋಗೆ ದಿನಾ ಹೋದರೂ ಕೈ ಎಷ್ಟು ಸಲ ಕೆಲಸ ಮಾಡಿತು ಅಂತ ಯಾರೂ ಎಣಿಸಲ್ಲ. 2009ರಲ್ಲಿ ಅಮೆರಿಕ, ಕೆನಡಾದ ಸೆಂಟರ್‌ಗಳಲ್ಲಿ ಕೂತು ಎಣಿಸಿದಾಗ, ಒಂದು ಸೆಷನ್‌ನಲ್ಲಿ ಕೈಯಿಂದ ಉಪಯೋಗದ ಕೆಲಸ ಸರಾಸರಿ 32 ಸಲ ಮಾತ್ರ ನಡೆದಿತ್ತು. ಪ್ರಾಣಿಗಳ ಮೆದುಳಲ್ಲಿ ಬದಲಾವಣೆ ಕಂಡಿದ್ದು ದಿನಕ್ಕೆ ನೂರಾರು ಸಲ ಮಾಡಿಸಿದಾಗ. ಕೈಗೆ ಕರೆಂಟ್ ಇಟ್ಟು ಮಲಗಿಸಿ ಅರ್ಧ ಗಂಟೆ ಕಳೆದರೆ ಆ ನೂರು ಎಲ್ಲಿಂದ ಬರಬೇಕು?

ತಮ್ಮ ಮೆಕ್ಯಾನಿಕ್ ಅಲ್ವಾ? ಹಳೇ ನಟ್ಟು ಬೋಲ್ಟ್ ಒಂದು ಡಬ್ಬಿ ಕೊಡಿ. ದೊಡ್ಡದರಿಂದ ಶುರು, ಆಮೇಲೆ ಸಣ್ಣದು. ಬಟ್ಟೆ ಕ್ಲಿಪ್ ತಂತಿಗೆ ಹಾಕಿ ತೆಗೆಯಲಿ. ಅವರೆಕಾಯಿ ಕಾಲದಲ್ಲಿ ಬಿಡಿಸೋಕೆ ಕೂರಿಸಿ. ರಬ್ಬರ್ ಚೆಂಡು ಹಿಸುಕುತ್ತಾ ಕೂರೋದಕ್ಕಿಂತ ಇದು ಎಷ್ಟೋ ಮೇಲು.

ಗದಗದಾಕಿ

ಸಿಟ್ಟಿನ ಬಗ್ಗೆ ಯಾರೂ ಹೇಳಲಿಲ್ಲ. ನಾನು ಹೇಳುತ್ತೇನೆ, ನಮ್ಮ ಮನೆಯವರಿಗೂ ಹೀಗೇ ಆಗಿತ್ತು.

ಅಣ್ಣಾ, ಅದು ಕೊಬ್ಬಲ್ಲ. ಹಣೆಯ ಹಿಂದಿನ ಮೆದುಳಿಗೆ ಪೆಟ್ಟಾದರೆ ತಡೆಯೋ ಶಕ್ತಿಯೇ ಕಡಿಮೆ ಆಗುತ್ತದೆ ಅಂತ ಡಾಕ್ಟರ್ ಬಿಡಿಸಿ ಹೇಳುವವರೆಗೆ ನಮಗೆ ಗೊತ್ತಿರಲಿಲ್ಲ. ಅತ್ತೆ "ದೃಷ್ಟಿ ಆಗೈತಿ" ಅಂದರು. ಮೈದುನ "ನಾಟಕ" ಅಂದ. ಇನ್ನು ಕೆಲವರಿಗೆ ಸಿಟ್ಟಿನ ಬದಲು ಏನೂ ಬೇಡ ಅನಿಸುತ್ತದೆ, ಎಬ್ಬಿಸದಿದ್ದರೆ ಸಂಜೆ ತನಕ ಕೂತಲ್ಲೇ ಕೂರುತ್ತಾರೆ. ಅದಕ್ಕೆ ಸೋಮಾರಿತನ ಅನ್ನೋ ಹೆಸರು ಬರುತ್ತದೆ.

ನಾನು ಒಂದು ನೋಟ್‌ಬುಕ್ ಇಟ್ಟೆ. ಯಾವಾಗ ಸಿಟ್ಟು ಬಂತು, ಅದಕ್ಕೆ ಮುಂಚೆ ಏನಾಗಿತ್ತು, ಇಷ್ಟೇ ಬರೆದೆ. ಸಂಜೆ ಹೊತ್ತು ಜಾಸ್ತಿ. ಟಿವಿ ಓಡುತ್ತಿದ್ದಾಗ ಇಬ್ಬರು ಒಟ್ಟಿಗೆ ಮಾತಾಡಿಸಿದರೆ ಖಂಡಿತ. ಸುಸ್ತಾದಾಗ ಅವರಿಗೆ ತಲೆ ತುಂಬಿಬಿಡುತ್ತಿತ್ತು. ಮಧ್ಯಾಹ್ನ ಕತ್ತಲು ಕೋಣೆಯಲ್ಲಿ ಮಲಗಿಸೋಕೆ ಶುರು ಮಾಡಿದೆ. ಟಿವಿ ಆರಿಸಿ ಒಬ್ಬರೇ ಮಾತಾಡೋದು ಅಂತ ಮನೆಯವರಿಗೆಲ್ಲ ನಿಯಮ ಮಾಡಿದೆ. ಸಿಟ್ಟು ಬಂದಾಗ ವಾದ ಇಲ್ಲ, ಎದ್ದು ಹೊರಗೆ ಹೋಗೋದು. ಪೂರ್ತಿ ಹೋಗಿಲ್ಲ. ಆದರೆ ತಟ್ಟೆ ಹಾರೋದು ನಿಂತಿದೆ.

ಸೆರೆ (ಹೆಂಡ) ಮುಟ್ಟಿಸಬೇಡಿ. ಪೆಟ್ಟಾದ ಮೆದುಳಿಗೆ ಅದು ಫಿಟ್ಸ್‌ಗೂ ದಾರಿ, ಜಗಳಕ್ಕೂ ದಾರಿ. ನನಗೆ ಈ ಮಾತು ಹೇಳೋಕೆ ಹಕ್ಕಿದೆ.

ಹೇಮಾವತಿ_ದಡ

ಅಕ್ಕಾ, ಓದಿ ಸುಮಾರು ಹೊತ್ತು ಸುಮ್ನೆ ಕೂತಿದ್ದೆ. ನಮ್ಮಮ್ಮ ಟಿವಿ ಜೋರಾಗಿ ಹಾಕುವ ಹೊತ್ತಿಗೇ ಇವನ ಗಲಾಟೆ. ಯಾರೂ ಗಮನಿಸಿರಲಿಲ್ಲ.

ನೆನಪಿಗೆ ಏನು ಮಾಡೋದು? ಬಾದಾಮಿ, ಬ್ರಾಹ್ಮಿ ಎಲ್ಲ ಆಯಿತು. ಡಿಸ್ಚಾರ್ಜ್ ಆದಾಗಿಂದ ಸಿಟಿಕೋಲಿನ್ ಮಾತ್ರೆ ನಡೀತಾ ಇದೆ. ತಿಂಗಳಿಗೆ ಸಾವಿರಾರು ರೂಪಾಯಿ.

ಔಷಧಿ_ಅಂಗಡಿ

ಸಿಟಿಕೋಲಿನ್ ನಮ್ಮ ಅಂಗಡಿಯಲ್ಲಿ ಚೆನ್ನಾಗಿ ಹೋಗೋ ಮಾಲು, ಆದರೂ ಹೇಳುತ್ತೇನೆ. ಅಮೆರಿಕದಲ್ಲಿ ತಲೆಗೆ ಪೆಟ್ಟಾದ 1,213 ಜನರ ಮೇಲೆ ಕೋಬ್ರಿಟ್ ಅನ್ನೋ ದೊಡ್ಡ ಪರೀಕ್ಷೆ ಮಾಡಿದರು, 2012ರಲ್ಲಿ ಫಲಿತಾಂಶ ಬಂತು. 90 ದಿನ ಕೊಟ್ಟರೂ ಡಮ್ಮಿ ಮಾತ್ರೆಗಿಂತ ಮೇಲಾಗಲಿಲ್ಲ. ಮುಂದಿನ ಸಲ ಹೋದಾಗ "ಇದು ಇನ್ನೂ ಬೇಕಾ ಸರ್?" ಅಂತ ಡಾಕ್ಟರನ್ನು ಕೇಳಿ. ಫಿಟ್ಸ್ ಮಾತ್ರೆ ಇದ್ದರೆ ಅದನ್ನು ಮಾತ್ರ ನೀವಾಗಿ ಯಾವ ಕಾರಣಕ್ಕೂ ನಿಲ್ಲಿಸಬೇಡಿ.

ಮಾತಿನ_ಮನೆ

ನೆನಪಿಗೆ ಎರಡು ಮಾತು.

ಮೊದಲನೆಯದು, ಮೊಬೈಲ್ ಅಲಾರಂ. ಇದು ಸಣ್ಣದು ಅನ್ನಬೇಡಿ. ಇಂಗ್ಲೆಂಡಿನಲ್ಲಿ ಬಾರ್ಬರಾ ವಿಲ್ಸನ್ ಅವರ ತಂಡ ಮರೆವು ಇರುವ 143 ಜನಕ್ಕೆ ಪೇಜರ್ ಕೊಟ್ಟಿತು. "ಮಾತ್ರೆ ತಗೋ", "ಬಾಗಿಲು ಹಾಕು" ಅಂತ ಹೊತ್ತಿಗೆ ಸರಿಯಾಗಿ ಸಂದೇಶ ಬರುತ್ತಿತ್ತು. 2001ರಲ್ಲಿ ವರದಿ ಬಂತು. ನೂರರಲ್ಲಿ ಎಂಬತ್ತಕ್ಕೂ ಹೆಚ್ಚು ಜನರ ದಿನದ ಕೆಲಸ ಸುಧಾರಿಸಿತ್ತು. ಈಗ ಆ ಪೇಜರ್ ಎಲ್ಲರ ಜೇಬಲ್ಲೂ ಇದೆ. "ಅಲಾರಂ ಇಟ್ಟರೆ ಮೆದುಳು ಸೋಮಾರಿ ಆಗುತ್ತದೆ" ಅನ್ನೋ ಮಾತಿಗೆ ಕಿವಿ ಕೊಡಬೇಡಿ. ಕನ್ನಡಕ ಹಾಕಿದರೆ ಕಣ್ಣು ಸೋಮಾರಿ ಆಗುತ್ತದಾ?

ಎರಡನೆಯದು ವಿಚಿತ್ರ ಅನಿಸಬಹುದು. ಪದ ಹುಡುಕಿಸುವಾಗ ಕಾಯಿರಿ ಅಂದೆ. ಹೊಸ ವಿಷಯ ಕಲಿಸುವಾಗ ಕಾಯಬೇಡಿ, ಊಹೆ ಮಾಡಿಸಬೇಡಿ. ಹೊಸ ಪಕ್ಕದ ಮನೆಯವರ ಹೆಸರು ಕಲಿಸಬೇಕು ಅಂದುಕೊಳ್ಳಿ. "ಹೇಳು ನೋಡೋಣ" ಅಂದರೆ ಅವನು ತಪ್ಪು ಹೆಸರು ಹೇಳುತ್ತಾನೆ. ಗಾಢ ಮರೆವು ಇರುವವರಿಗೆ ತಿದ್ದಿದ್ದು ನೆನಪಿರಲ್ಲ, ತಾನು ಹೇಳಿದ ತಪ್ಪೇ ಗಟ್ಟಿಯಾಗುತ್ತದೆ. ಸರಿ ಉತ್ತರ ನೀವೇ ಕೊಡಿ, ಅವನಿಂದ ಹೇಳಿಸಿ, ಆಮೇಲೆ ಸುಳಿವು ಒಂದೊಂದೇ ಕಡಿಮೆ ಮಾಡಿ. ವಿಲ್ಸನ್ ಮತ್ತು ಬ್ಯಾಡ್ಲಿ ಇದನ್ನು 1994ರಲ್ಲೇ ತೋರಿಸಿದ್ದಾರೆ.

ಒತ್ತಕ್ಷರ_ಟೀಚರ್

ಎಲ್ಲರೂ ತಮ್ಮನ ಕಡೆಗೇ ಹೋದಿರಿ, ಆ ಮಗುವನ್ನು ಬಿಟ್ಟೇಬಿಟ್ಟಿರಿ. ನಾನು ತುಮಕೂರು ಕಡೆಯ ಸರ್ಕಾರಿ ಶಾಲೆ ಟೀಚರ್, ಓದಲು ತೊಡಕಿರುವ ಮಕ್ಕಳಿಗೆ ಸಂಜೆ ಪಾಠ ಮಾಡುತ್ತೇನೆ.

ಮೊದಲು ಕಣ್ಣು, ಕಿವಿ ಪರೀಕ್ಷೆ. ಆಮೇಲೆ ಕಲಿಕೆಯ ಪರೀಕ್ಷೆ, ಅದೂ ಮಗು ಕಲಿಯುವ ಭಾಷೆಯಲ್ಲಿ. ನಮ್ಮ ಕಡೆ ಎಷ್ಟೋ ಮಕ್ಕಳಿಗೆ ಇಂಗ್ಲಿಷ್‌ನಲ್ಲಿ ಪರೀಕ್ಷೆ ಮಾಡಿ ಡಿಸ್ಲೆಕ್ಸಿಯಾ, ಅಂದರೆ ಓದುವ ತೊಡಕು, ಅಂತ ಬರೆದು ಕೊಡುತ್ತಾರೆ. ಮನೆಯಲ್ಲಿ ಇಂಗ್ಲಿಷ್ ಕೇಳದ ಮಗು ಇಂಗ್ಲಿಷ್ ಓದದಿದ್ದರೆ ಅದರಲ್ಲಿ ಆಶ್ಚರ್ಯ ಏನು? ನಿಮ್ಹಾನ್ಸ್‌ನ ಪರೀಕ್ಷೆ ಇದೆ. ರಾಷ್ಟ್ರೀಯ ಮೆದುಳು ಸಂಶೋಧನಾ ಕೇಂದ್ರದವರು ಮಾಡಿದ 'ಡಾಲಿ' ಅನ್ನೋದು ಕನ್ನಡದಲ್ಲೂ ಇದೆ.

ಕನ್ನಡದ ಓದಿಗೆ ಅದರದ್ದೇ ಗುಣ ಇದೆ. ಇಂಗ್ಲಿಷಿಗೆ 26 ಅಕ್ಷರ. ನಮಗೆ ವರ್ಣಮಾಲೆ, ಅದರ ಮೇಲೆ ಕಾಗುಣಿತ, ಅದರ ಮೇಲೆ ಒತ್ತು. ಮಗು ಗುರುತಿಸಬೇಕಾದ ಆಕಾರಗಳು ನೂರಾರು. ಸೋನಾಲಿ ನಾಗ್ ಅವರು ಕನ್ನಡ ಓದುವ ಮಕ್ಕಳನ್ನು ಅಧ್ಯಯನ ಮಾಡಿ 2007ರಲ್ಲಿ ಬರೆದಿದ್ದರು. ಇಲ್ಲಿ ಅಕ್ಷರಗಳು ಪೂರ್ತಿ ಕೈಗೆ ಬರೋಕೆ ಪ್ರಾಥಮಿಕ ಶಾಲೆಯ ಮೊದಲ ವರ್ಷಗಳು ದಾಟಿಹೋಗುತ್ತವೆ. ಹಾಗಾಗಿ 1ನೇ ಕ್ಲಾಸಿನ ಮಗು ತಡವರಿಸಿದರೆ ನಾನು ಹೆದರಲ್ಲ. 4ನೇ ಕ್ಲಾಸಲ್ಲಿ ಬೆವರುತ್ತಾಳೆ ಅಂದರೆ ನೋಡಿಸಲೇಬೇಕು.

ಎಲ್ಲಿ ಎಡವುತ್ತಾಳೆ ಅಂತ ಕೂತು ಕೇಳಿ. "ಓದಲ್ಲ" ಅನ್ನೋದು ಉತ್ತರ ಅಲ್ಲ. ಕೆಲವರು ಮ, ವ ಬೆರೆಸುತ್ತಾರೆ. ಪ, ಷ, ಫ ಕಲಸಿಹೋಗುತ್ತದೆ. ಒಬ್ಬ ಹುಡುಗ ಎಲ್ಲ ಸರಿ ಓದಿ "ಸೂರ್ಯ" ಬಂದ ಕೂಡಲೇ "ಸೂಯರ" ಅನ್ನುತ್ತಿದ್ದ. ಎಲ್ಲರೂ ನಕ್ಕರು. ಅವನ ತಪ್ಪೇನು? ಕಿವಿಗೆ ರ್ ಮೊದಲು, ಯ ಆಮೇಲೆ. ಪುಟದ ಮೇಲೆ ಯ ಮೊದಲು, ಅರ್ಕಾವತ್ತು ಆಮೇಲೆ. ಅವನು ಕಣ್ಣಿಗೆ ಕಂಡ ಹಾಗೇ ಪ್ರಾಮಾಣಿಕವಾಗಿ ಓದಿದ್ದ. ಕೆಂಪು ಪೆನ್ನಲ್ಲಿ ಅರ್ಕಾವತ್ತಿಂದ ಹಿಂದಕ್ಕೆ ಒಂದು ಬಾಣ ಎಳೆದೆ. ಸೂರ್ಯ, ಕಾರ್ಯ, ಧೈರ್ಯ, ವರ್ಷ, ಮಾರ್ಗ. ಆ ವಾರ ಪೂರ್ತಿ ಬರೀ ಅರ್ಕಾವತ್ತು, ಬೇರೇನೂ ಇಲ್ಲ. ಆಮೇಲೆ ಬಾಣ ತೆಗೆದೆ.

ರೆಮಿಡಿಯಲ್ ಪಾಠ ಅಂದರೆ ಇದೇ. ಶಬ್ದ ಬಿಡಿಸೋದು, ಅಕ್ಷರಕ್ಕೆ ಜೋಡಿಸೋದು, ಒಂದು ಗಟ್ಟಿಯಾದ ಮೇಲೆ ಇನ್ನೊಂದು. ಆರ್ಟನ್, ಗಿಲ್ಲಿಂಗ್‌ಹ್ಯಾಮ್ ಅನ್ನೋರು 1930ರ ದಶಕದಿಂದ ಅಮೆರಿಕದಲ್ಲಿ ಕಲಿಸಿದ್ದೂ ಈ ಜಾಡೇ. ರಾಗಿ ಹರಡಿದ ತಟ್ಟೆಯಲ್ಲಿ ಬೆರಳಿಂದ ಬರೆಸುತ್ತೇನೆ, ಬಾಯಲ್ಲಿ ಹೇಳಿಸುತ್ತೇನೆ. ಬಣ್ಣದ ಕನ್ನಡಕ, ಕಣ್ಣಿನ ವ್ಯಾಯಾಮದಿಂದ ಡಿಸ್ಲೆಕ್ಸಿಯಾ ಹೋಗುತ್ತದೆ ಅನ್ನೋದಕ್ಕೆ ಆಧಾರ ಇಲ್ಲ ಅಂತ ಅಮೆರಿಕದ ಮಕ್ಕಳ ವೈದ್ಯರೂ ಕಣ್ಣಿನ ವೈದ್ಯರೂ ಸೇರಿ 2009ರಲ್ಲೇ ಹೇಳಿದ್ದಾರೆ. ಟೋಪಿ ಬಗ್ಗೆ ಮೇಡಂ ಹೇಳಿದ್ದಾರೆ.

ಕಲಬುರಗಿ_ಬಿಸಿಲು

ಟೀಚರ್, ನನ್ನದು ಇವೆರಡರ ನಡುವಿನ ಕೇಸ್. ಮಗ ಯುಕೆಜಿಯಲ್ಲಿದ್ದಾಗ ಮಾಳಿಗೆ ಮೇಲಿಂದ ಬಿದ್ದಿದ್ದ. ಆಸ್ಪತ್ರೆಯಿಂದ ಬಂದ ಮೇಲೆ ಪೂರಾ ಆರಾಮ. "ಸಣ್ಣ ಮಕ್ಕಳ ಮೆದುಳು ಬೇಗ ಹೊಂದಿಕೊಳ್ಳುತ್ತದೆ" ಅಂದರು, ನಾವೂ ಮರೆತೆವು. ಈಗ 6ನೇ ಕ್ಲಾಸ್. ಓದುತ್ತಾನೆ, ಆದರೆ ಲೆಕ್ಕದಲ್ಲಿ ಮೂರು ಹೆಜ್ಜೆ ಇದ್ದರೆ ಎರಡನೆಯದಕ್ಕೇ ಕಳೆದುಹೋಗುತ್ತಾನೆ. ಬ್ಯಾಗಲ್ಲಿ ಯಾವಾಗಲೂ ಏನೋ ಒಂದು ಇರಲ್ಲ. ಸ್ಕೂಲಲ್ಲಿ ಲರ್ನಿಂಗ್ ಡಿಸೆಬಿಲಿಟಿ ಇರಬಹುದು ಅಂತಾರೆ. ಎರಡಕ್ಕೂ ಸಂಬಂಧ ಇದೆಯಾ?

ಮಾತಿನ_ಮನೆ

ಇರಬಹುದು. ಈ ಮಾತನ್ನು ನ್ಯೂರಾಲಜಿಸ್ಟ್‌ಗೆ ಖಂಡಿತ ಹೇಳಿ. ಮಕ್ಕಳ ಪೆಟ್ಟಿನಲ್ಲಿ ಇದು ಮೋಸ ಮಾಡುವ ಜಾಗ. ಯೋಜನೆ ಮಾಡೋದು, ಎರಡು ವಿಷಯ ಒಟ್ಟಿಗೆ ತಲೆಯಲ್ಲಿ ಇಟ್ಟುಕೊಳ್ಳೋದು, ಇವೆಲ್ಲ ಹಣೆಯ ಭಾಗದ ಕೆಲಸ. 5 ವರ್ಷದ ಮಗುವಿನಿಂದ ಅದನ್ನು ಯಾರೂ ಕೇಳಲ್ಲ, ಹಾಗಾಗಿ ಕೊರತೆ ಕಾಣಲ್ಲ. ದೊಡ್ಡ ಕ್ಲಾಸಿಗೆ ಹೋಗಿ ಕೆಲಸ ಜಾಸ್ತಿ ಆದಾಗ ಕಾಣುತ್ತದೆ. ಸಣ್ಣ ಮೆದುಳು ಬೇಗ ಹೊಂದಿಕೊಳ್ಳುತ್ತದೆ ಅನ್ನೋದು ಅರ್ಧ ನಿಜ.

ಹೆಜ್ಜೆಗಳನ್ನು ಚೀಟಿಯಲ್ಲಿ ಬರೆದು ಡೆಸ್ಕಿಗೆ ಅಂಟಿಸಲಿ, ಮುಗಿದದ್ದಕ್ಕೆ ಟಿಕ್ ಹಾಕಲಿ. ಬ್ಯಾಗಿಗೂ ಅದೇ. ಇದು ಡಿಸ್ಲೆಕ್ಸಿಯಾ ಪಾಠ ಅಲ್ಲ, ಅವನಿಗೆ ಬೇಕಾದದ್ದೂ ಅದಲ್ಲ.

ಕಪ್ಪುಕೋಟು

ಚಿಕಿತ್ಸೆ ಬಗ್ಗೆ ತಿಳಿದವರು ಹೇಳಿದ್ದಾರೆ. ನಾನು ಕಾಗದದ ವಿಷಯ ಹೇಳುತ್ತೇನೆ. ಹೇಮಾವತಿ_ದಡ ಅವರೇ, ಬೈಕ್ ತಾನಾಗೇ ಜಾರಿದ್ದಾ, ಬೇರೆ ಗಾಡಿ ತಗುಲಿದ್ದಾ?

ಹೇಮಾವತಿ_ದಡ

ಹಿಂದಿನಿಂದ ಪಿಕಪ್ ತಗುಲಿದ್ದು ಸರ್. ಎಫ್‌ಐಆರ್ ಆಗಿದೆ, ಕ್ಲೇಮ್ ಹಾಕಿದ್ದೇವೆ. ಡಾಕ್ಟರ್ ಕೈ ಮಾತ್ರ ನೋಡಿ ಅಂಗವೈಕಲ್ಯದ ಪರ್ಸೆಂಟ್ ಬರೆದಿದ್ದಾರೆ.

ಕಪ್ಪುಕೋಟು

ಕ್ಲೇಮ್ ಹಾಕಿದ್ದು ಒಳ್ಳೆಯದು. ಉಳಿದವರೂ ಕೇಳಿ, ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಪ್ರಕಾರ ಅಪಘಾತವಾದ 6 ತಿಂಗಳೊಳಗೆ ಅರ್ಜಿ ಹಾಕಬೇಕು. ಆಸ್ಪತ್ರೆ ಓಡಾಟದಲ್ಲಿ ಇದು ಮರೆತುಹೋಗುತ್ತದೆ.

ಕೈ ಮಾತ್ರ ನೋಡಿದ್ದು ಸಾಲದು. ಕೈಯ ಪರ್ಸೆಂಟ್ ಬೇರೆ, ದುಡಿಯುವ ಶಕ್ತಿ ಎಷ್ಟು ಹೋಯಿತು ಅನ್ನೋದು ಬೇರೆ ಅಂತ ಸುಪ್ರೀಂ ಕೋರ್ಟ್ 2010ರ ರಾಜ್ ಕುಮಾರ್ ಕೇಸಲ್ಲೇ ಹೇಳಿದೆ. ಮೆಕ್ಯಾನಿಕ್‌ಗೆ ಮರೆವು, ಸಿಟ್ಟು ಬಂದರೆ ಗ್ಯಾರೇಜಲ್ಲಿ ಯಾರು ಇಟ್ಟುಕೊಳ್ಳುತ್ತಾರೆ? ನ್ಯೂರೋಸೈಕಾಲಜಿ ವರದಿ, ಸ್ಪೀಚ್ ವರದಿ ಎರಡೂ ಹಾಕಿಸಿ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಜಿಸಿಎಸ್ ಅಂತ ಒಂದು ಅಂಕಿ ಇರುತ್ತದೆ, ರೋಗಿಗೆ ಎಚ್ಚರ ಎಷ್ಟಿತ್ತು ಅಂತ ಹೇಳೋದು, 3ರಿಂದ 15ರವರೆಗೆ. 8 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ತೀವ್ರ ಪೆಟ್ಟು. ಆ ಪುಟ ಕಳೆಯಬೇಡಿ. ನೋಡಿಕೊಳ್ಳೋಕೆ ಜನ ಬೇಕಿದ್ದರೆ ಅದನ್ನೂ ಕೇಳಿ. 12 ವರ್ಷದ ಹುಡುಗಿಯ ಮೆದುಳಿನ ಪೆಟ್ಟಿನ ಕೇಸಲ್ಲಿ 2020ರಲ್ಲಿ ಸುಪ್ರೀಂ ಕೋರ್ಟ್ ಆರೈಕೆಯವರ ಖರ್ಚನ್ನೂ ವರ್ಷಗಳ ಲೆಕ್ಕ ಹಾಕಿ ಕೊಡಿಸಿತು.

2016ರ ಅಂಗವಿಕಲರ ಹಕ್ಕು ಕಾಯ್ದೆಯ 21 ವೈಕಲ್ಯಗಳ ಪಟ್ಟಿಯಲ್ಲಿ ತಲೆ ಪೆಟ್ಟು ಅಂತ ಪ್ರತ್ಯೇಕ ಹೆಸರಿಲ್ಲ. ಅಫೇಸಿಯಾ ಮಾತು-ಭಾಷೆಯ ವೈಕಲ್ಯದಲ್ಲಿ ಬರುತ್ತದೆ, ಕೈ ಚಲನೆಯ ವೈಕಲ್ಯದಲ್ಲಿ. ಆ ದಾರಿಯಲ್ಲಿ ಯುಡಿಐಡಿಗೆ (ಅಂಗವಿಕಲರ ಗುರುತಿನ ಚೀಟಿ) ಹಾಕಿ. ಕಲಿಕೆಯ ವೈಕಲ್ಯಕ್ಕೆ ಪಟ್ಟಿಯಲ್ಲೇ ಹೆಸರಿದೆ. 2018ರ ನಿಯಮದಲ್ಲಿ 8 ವರ್ಷ ತುಂಬಿದ ಮೇಲೆ ಸರ್ಟಿಫಿಕೇಟ್, 14ಕ್ಕೆ ಮತ್ತು 18ಕ್ಕೆ ಮತ್ತೆ ಪರೀಕ್ಷೆ ಅಂತ ಇತ್ತು. ಸರ್ಟಿಫಿಕೇಟ್ ಇದ್ದರೆ ಬೋರ್ಡ್ ಪರೀಕ್ಷೆಯಲ್ಲಿ ಹೆಚ್ಚಿನ ಸಮಯ ಕೇಳಬಹುದು.

ಒತ್ತಕ್ಷರ_ಟೀಚರ್

ಸರ್ಟಿಫಿಕೇಟ್ ಬಂದರೆ ಮದುವೆಗೆ ತೊಂದರೆ ಅಂತ ಮುಚ್ಚಿಡುವ ಅಪ್ಪ ಅಮ್ಮಂದಿರು ನನ್ನ ಹತ್ತಿರವೇ ಇದ್ದಾರೆ. ಮಗು ಎಸ್ಸೆಸ್ಸೆಲ್ಸಿಯಲ್ಲಿ ಫೇಲ್ ಆದ ಮೇಲೆ ಓಡಿ ಬರುತ್ತಾರೆ.

ಜಿಲ್ಲಾಸ್ಪತ್ರೆಯಲ್ಲಿ ಡಿಇಐಸಿ ಅಂತ ಇರುತ್ತದೆ, ಮಕ್ಕಳ ಬೆಳವಣಿಗೆಯ ತೊಂದರೆ ಬೇಗ ಪತ್ತೆ ಮಾಡಿ ನೋಡುವ ಕೇಂದ್ರ. 18 ವರ್ಷದವರೆಗಿನ ಮಕ್ಕಳಿಗೆ, ಖರ್ಚಿಲ್ಲ. ಅಲ್ಲಿಂದ ಶುರು ಮಾಡಿ.

ಕುಡ್ಲ_ಫಿಸಿಯೋ

ದೊಡ್ಡವರಿಗೂ ಜಿಲ್ಲಾಸ್ಪತ್ರೆಯಲ್ಲಿ ಬ್ರೈನ್ ಹೆಲ್ತ್ ಕ್ಲಿನಿಕ್ ಇದೆಯಾ ಅಂತ ವಿಚಾರಿಸಿ. ಸರ್ಕಾರ ಮತ್ತು ನಿಮ್ಹಾನ್ಸ್ ಸೇರಿ 2022ರಲ್ಲಿ ಶುರು ಮಾಡಿದ ಯೋಜನೆ ಅದು. ನಿಮ್ಹಾನ್ಸ್‌ನಲ್ಲಿ ನ್ಯೂರೋ ರಿಹ್ಯಾಬಿಲಿಟೇಶನ್ ವಿಭಾಗವೇ ಇದೆ. ಕ್ಯೂ ಇರುತ್ತದೆ, ಬೆಳಿಗ್ಗೆ ಬೇಗ ಹೋಗಿ.

"ವರ್ಷ ಆಯಿತು, ಇನ್ನು ಏನೂ ಆಗಲ್ಲ" ಅಂತ ಯಾರಾದರೂ ಹೇಳುತ್ತಾರೆ. ಮೊದಲ 6 ತಿಂಗಳಲ್ಲಿ ಸುಧಾರಣೆ ಜೋರು ಅನ್ನೋದು ನಿಜ. ಆಮೇಲೆ ನಿಧಾನ, ಆದರೆ ನಿಲ್ಲಲ್ಲ.

ಹೇಮಾವತಿ_ದಡ

ಎಲ್ಲರಿಗೂ ಥ್ಯಾಂಕ್ಸ್. ಒಡವೆ ಮನೆಯಲ್ಲೇ ಇದೆ. ಹುಡುಗಿಗೆ ಡಿಇಐಸಿಯಲ್ಲಿ ನೋಡಿದರು, ಕನ್ನಡದಲ್ಲೇ ಪರೀಕ್ಷೆ ಆಗಬೇಕು ಅಂತ ಬರೆದು ಕೊಟ್ಟಿದ್ದಾರೆ. ಟೀಚರ್ ಹೇಳಿದ ಹಾಗೆ ಅಕ್ಕ ಪಕ್ಕದಲ್ಲಿ ಕೂತು ಕೇಳಿದಳು. ಒತ್ತಕ್ಷರ ಇಲ್ಲದ ಪುಟ ಪರವಾಗಿಲ್ಲ, ಒತ್ತು ಬಂದಲ್ಲೆಲ್ಲ ನಿಲ್ಲುತ್ತಾಳೆ. ಡೈರಿಯಲ್ಲಿ "ಗಮನ ಇಲ್ಲ" ಅಂತ ಬರೆದಿದ್ದರ ಕೆಳಗೆ ಅಕ್ಕ ಇದನ್ನೇ ಬರೆದು ಕಳಿಸಿದ್ದಾಳೆ.

ತಮ್ಮನಿಗೆ ನಿಮ್ಹಾನ್ಸ್‌ಗೆ ಹೋಗಿಬಂದೆವು. ಸಿಟಿಕೋಲಿನ್ ನಿಲ್ಲಿಸಿದರು, ಫಿಟ್ಸ್ ಮಾತ್ರೆ ಮುಂದುವರಿಸಿದ್ದಾರೆ. ಕೈಗೆ ಗವಸು ಹಾಕಬಹುದು ಅಂದರು, ಮಣಿಕಟ್ಟು ಎತ್ತುತ್ತಾನೆ. ನಟ್ಟು ಬೋಲ್ಟ್ ಡಬ್ಬಿ ಕೊಟ್ಟಾಗ ನಗಾಡಿದ, ಆಮೇಲೆ "ಇದು ಹತ್ತೊಂಬತ್ತರ ಸೈಜು" ಅಂತ ಹೇಳಿದ. ಪದ ತಾನಾಗೇ ಬಂತು.

ಫಿಸಿಯೋ ಸರ್, ಒಂದೇ ಅನುಮಾನ. ಊಟಕ್ಕೆ ಕೂತಾಗಲೂ ಗವಸು ಇರಬೇಕಾ? ಬಲಗೈಯಲ್ಲಿ ಸಾರನ್ನ ಎಲ್ಲ ಚೆಲ್ಲುತ್ತಾನೆ, ಅಮ್ಮನಿಗೆ ನೋಡೋಕೆ ಆಗಲ್ಲ.

ಕುಡ್ಲ_ಫಿಸಿಯೋ

ಇರಲಿ, ಊಟವೇ ಒಳ್ಳೆ ಅಭ್ಯಾಸ. ಮೊದಲು ಚಪಾತಿ, ಇಡ್ಲಿ, ಮುದ್ದೆ ಕೊಡಿ, ಸಾರನ್ನ ಆಮೇಲೆ. ಅಂಚು ಎತ್ತರ ಇರುವ ತಟ್ಟೆ, ಅದರ ಕೆಳಗೆ ಒದ್ದೆ ಬಟ್ಟೆ, ಜಾರಲ್ಲ. ಮೆಟ್ಟಿಲು ಹತ್ತುವಾಗ, ಬಚ್ಚಲಲ್ಲಿ, ಒಲೆ ಹತ್ತಿರ ಗವಸು ತೆಗೆಯಿರಿ. ಅಮ್ಮನಿಗೆ ಹೇಳಿ, ಚೆಲ್ಲಿದರೆ ಒರೆಸಿದರಾಯಿತು, ತಿನ್ನಿಸೋಕೆ ಮಾತ್ರ ಹೋಗಬೇಡಿ.